ಎಲ್ಲದರ ಮೊದಲಿಗೆ ಒಂದೇ ಬಿಸ್ಮಿ

ಈ ಸಲ ರಂಜಾನ್ ತಿಂಗಳು ಶುರುವಾಗುವ ಮೊದಲು ನಮಾಜು, ಉಪವಾಸದ ಸಮಯದ ಕಾರ್ಡುಗಳ ಕಟ್ಟು ಮನೆಗೆ ಬಂತು. ಹುರಿಹಗ್ಗ ಬಿಚ್ಚಿದ ಕೂಡಲೇ ಶಾಯಿಯ ವಾಸನೆ, ಅದರ ಹಿಂದೆಯೇ ಸಣ್ಣಗೆ ಅಚ್ಚಿನ ಮೆಷಿನು ತೊಳೆಯುವ ಸೀಮೆಎಣ್ಣೆಯ ವಾಸನೆ. ಮೊಮ್ಮಗಳು ಶಿಫಾ ಮೂಗು ಮುಚ್ಚಿಕೊಂಡಳು.

"ಅಜ್ಜಿ, ಇದನ್ನು ಈಗ ಯಾರು ನೋಡ್ತಾರೆ? ಮೊಬೈಲೇ ಬಾಂಗ್ ಕೊಡ್ತದೆ."

"ಚಾರ್ಜ್ ಇದ್ದರೆ ಕೊಡ್ತದೆ. ಇಲ್ಲದಿದ್ದರೆ ನಿನ್ನ ಮೊಬೈಲು ಸುಮ್ಮನೆ ಕೂತಿರ್ತದೆ, ನೀನೂ ಹಸಿದುಕೊಂಡು ಕೂತಿರ್ತೀ" ಎಂದೆ. ಒಂದು ಕಾರ್ಡನ್ನು ತೆಗೆದು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದೆ. ಅದು ಹಳೆಯ ಮೊಳೆ. ಬೇರೆ ಏನನ್ನೂ ಅದಕ್ಕೆ ಸಿಕ್ಕಿಸಲು ನಾನು ಬಿಡುವುದಿಲ್ಲ.

ಆ ಶಾಯಿ, ಸೀಮೆಎಣ್ಣೆಯ ವಾಸನೆ ಒಂದು ವರ್ಷ ನನ್ನ ಮಗಳು ಮೈಮೂನಳ ಬಟ್ಟೆಯಲ್ಲಿ, ಕೂದಲಲ್ಲಿ, ಬುತ್ತಿಯ ಡಬ್ಬಿಯಲ್ಲಿ ಇತ್ತು. ಆ ವರ್ಷದ ರಂಜಾನಿನಲ್ಲಿ ಆದದ್ದನ್ನು ಊರಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಅವಳು ಪ್ರೆಸ್ಸಿನ ಕೆಲಸ ಕೆಡಿಸಿ ಓಡಿಬಂದಳು ಎನ್ನುವವರು ಈಗಲೂ ಇದ್ದಾರೆ. ಅವರು ಓದಲಿ ಎಂದೇ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ, ಬರೆಯಲು ನನಗೆ ಬರುವುದು ಶಾಲೆಯಲ್ಲಿ ಕಲಿತಷ್ಟು ಕನ್ನಡ. ಸಾಕಾಗುತ್ತದೆ.

ಎರಡು ಸಾವಿರದ ಇಸವಿ ದಾಟಿ ಹೆಚ್ಚು ಕಾಲ ಆಗಿರಲಿಲ್ಲ. ಆಗೆಲ್ಲ ರಂಜಾನ್ ನವೆಂಬರಿನ ಆಸುಪಾಸಿನಲ್ಲಿ ಬರುತ್ತಿತ್ತು. ಮಳೆ ಪೂರ್ತಿ ನಿಂತು, ಬೆಳಗ್ಗೆ ಮಂಜು ಬಿದ್ದು, ಮಧ್ಯಾಹ್ನ ತಲೆ ಸಿಡಿಯುವ ಬಿಸಿಲು. ನಮ್ಮ ಮನೆ ಮೂಡುಬಿದಿರೆಯಿಂದ ಶಿರ್ತಾಡಿಗೆ ಹೋಗುವ ದಾರಿಯಲ್ಲಿ. ಗಂಡ ತೀರಿಹೋಗಿದ್ದರು, ನಾನು ಬೀಡಿ ಕಟ್ಟುತ್ತಿದ್ದೆ. ಮೈಮೂನ ಪಿಯುಸಿ ಮುಗಿಸಿ, ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಪೇಟೆಯ ಅದ್ದು ಹಾಜಿಯ ಪ್ರೆಸ್ಸಿಗೆ ಸೇರಿದ್ದಳು. ಮದುವೆ ಕಾಗದ, ಬಿಲ್ ಪುಸ್ತಕ, ಶಾಲೆಯ ಅಂಕಪಟ್ಟಿ, ಮಸೀದಿಗಳ ಸಮಯದ ಕಾರ್ಡು, ಎಲ್ಲಾ ಅಲ್ಲಿ ಆಗುತ್ತಿತ್ತು.

ಅವಳು ಪರ್ಲ್ ಎನ್ನುವ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದಳು. ಅಂಕ ಕೂಡಿಸಲು ಒಂದು, ಲಕೋಟೆಗಳ ಮೇಲೆ ಹೆಸರು ಹಾಕಲು ಒಂದು, ಸೂರ್ಯ ಹುಟ್ಟುವ ಮುಳುಗುವ ಲೆಕ್ಕಕ್ಕೆ ಬಂಟ್ವಾಳಕ್ಕೊಂದು, ಬೆಳ್ತಂಗಡಿಗೊಂದು, ಮೂಡುಬಿದಿರೆಗೊಂದು. ಕೆಲವನ್ನು ಕಾಗದದಲ್ಲಿ ತೆಗೆದು ಮನೆಗೆ ತಂದು ಓದುತ್ತಿದ್ದಳು. ನನಗೆ ಅದರಲ್ಲಿ ಒಂದಕ್ಷರ ಅರ್ಥವಾಗದಿದ್ದರೂ ಒಂದು ವಿಷಯ ಕಣ್ಣಿಗೆ ಬಿತ್ತು. ಎಲ್ಲಾ ಕಾಗದದ ತಲೆಯೂ ಒಂದೇ ಥರ.

"ಇದೆಂತ, ಎಲ್ಲದಕ್ಕೂ ಅದೇ ತಲೆಯಾ?"

"ಹೌದುಮ್ಮ. ಕೆಲಸ ಶುರು ಮಾಡುವ ಮೊದಲು ಅದಕ್ಕೆ ಎಲ್ಲಾ ಹೇಳಬೇಕು. ಕಟ್ಟುನಿಟ್ಟಾಗಿರು ಅಂತ ಒಂದು ಸಾಲು. ಸಂಶಯ ಬಂದರೆ ಎಚ್ಚರಿಸು ಅಂತ ಒಂದು ಸಾಲು. ತಾರೀಕಿನ ಲೆಕ್ಕದ ಸಾಮಾನು ಇಂಥ ಕಡೆಯಿಂದ ತಾ ಅಂತ ಒಂದು. ನಾವು ಭೂಮಿಯ ಮೇಲೆ ಎಲ್ಲಿ ಇದ್ದೇವೆ ಅಂತ ಒಂದು."

"ದಿನಾ ಹೇಳಬೇಕಾ? ಅದಕ್ಕೆ ನೆನಪಿರುವುದಿಲ್ಲವಾ?"

"ಇಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ಹೇಳಬೇಕು. ಹಳೆಯದರ ತಲೆ ತೆಗೆದು ಹೊಸದಕ್ಕೆ ಅಂಟಿಸ್ತೇವೆ. ಎಲ್ಲರೂ ಹಾಗೇ ಮಾಡುವುದು."

ಎಲ್ಲರೂ ಹಾಗೇ ಮಾಡುವುದು ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.  ಆ ದಿವಸ ಬೀಡಿ ಎಲೆ ಕತ್ತರಿಸುವ ಕೆಲಸ ಬಾಕಿ ಇತ್ತು, ಕತ್ತರಿ ಎತ್ತಿಕೊಂಡೆ.

ಸೂರ್ಯನ ಲೆಕ್ಕದ ಮೂಲ ಪ್ರೋಗ್ರಾಮನ್ನು ಅವಳಿಗೆ ಕೊಟ್ಟದ್ದು ಕಂಪ್ಯೂಟರ್ ಕ್ಲಾಸಿನ ಮಾಸ್ಟ್ರು. ಅವರು ಮೈಸೂರು ಕಡೆಯವರು. ಹಾಗಾಗಿ ಅದರ ತಲೆಯಲ್ಲಿ ಇದ್ದದ್ದು ಅವರ ಊರಿನ ಅಳತೆ. ಪೂರ್ವಕ್ಕೆ ಹೋದಷ್ಟೂ ಸೂರ್ಯ ಬೇಗ ಮುಳುಗುತ್ತಾನೆ, ಕಡಲಿನ ಕಡೆ ತಡ. ಆದ್ದರಿಂದ ಆ ಒಂದು ಸಾಲನ್ನು ನಮ್ಮ ಕಡೆಗೆ ತಿದ್ದಬೇಕು, ಮೂರು ಊರಿನ ಪ್ರೋಗ್ರಾಮಿನಲ್ಲೂ ತಿದ್ದಬೇಕು. ಮೈಮೂನ ಬಂಟ್ವಾಳದ್ದನ್ನು ತಿದ್ದಿದಳು. ಮೂಡುಬಿದಿರೆಯದ್ದನ್ನು ತಿದ್ದಿದಳು. ಬೆಳ್ತಂಗಡಿಯದ್ದನ್ನು ತೆರೆದು ತಿದ್ದುವಾಗ ಕರೆಂಟ್ ಹೋಯಿತು. ಬಂದ ಮೇಲೆ ಮದುವೆ ಕಾಗದದ ಅವಸರ. ತಿದ್ದಿ ಆಗಿದೆ ಎಂದೇ ಅವಳ ತಲೆಯಲ್ಲಿ ಇತ್ತು. ಕಂಪ್ಯೂಟರಿನ ತಲೆಯಲ್ಲಿ ಮಾತ್ರ ಆಗಿರಲಿಲ್ಲ.

ಕಾರ್ಡು ಅಚ್ಚಾಯಿತು. ಹಸಿರು ಬಾರ್ಡರು, ಚಂದದ ಅಕ್ಷರ. ಅಷ್ಟು ವರ್ಷ ಹಳೆಯ ಕಾರ್ಡನ್ನೇ ನೋಡಿ ಬಾಂಗ್ ಕೊಡುತ್ತಿದ್ದ ಮಸೀದಿಗಳವರು ಕಂಪ್ಯೂಟರಿನ ಕಾರ್ಡು ಎಂದು ಖುಷಿಯಲ್ಲಿ ಒಯ್ದರು.

ರಂಜಾನ್ ಶುರುವಾಗಿ ಮೊದಲ ವಾರ ಮುಗಿದಿರಲಿಲ್ಲ. ಒಂದು ಸಂಜೆ ನಾನು ಮತ್ತು ಮೈಮೂನ ಖರ್ಜೂರ, ನೀರು ಎದುರಿಗಿಟ್ಟುಕೊಂಡು ಉಪವಾಸ ಬಿಡಲು ಬಾಂಗಿಗೆ ಕಾಯುತ್ತಿದ್ದೆವು. ಫೋನ್ ಹೊಡೆದುಕೊಂಡಿತು. ನನ್ನ ಅಕ್ಕ ನಫೀಸ. ಅವಳನ್ನು ಕೊಟ್ಟದ್ದು ಬೆಳ್ತಂಗಡಿ ಕಡೆಗೆ, ಗುರುವಾಯನಕೆರೆಯಿಂದ ಒಳಗಿನ ಒಂದು ಊರಿಗೆ.

"ಈ ಹೊತ್ತಿನಲ್ಲಿ ಎಂತ ಫೋನು? ನೋಂಬು ಬಿಡುವುದಿಲ್ಲವಾ ನೀನು?" ಎಂದೆ.

"ಬಿಟ್ಟು ಶರಬತ್ತು ಕುಡಿದು ಗಂಜಿಯೂ ಅರ್ಧ ಆಯ್ತು ಮಾರಾಯ್ತಿ. ನಿಮ್ಮಲ್ಲಿ ಇನ್ನೂ ಆಗಲಿಲ್ಲವಾ?"

ನಾನು ಮೈಮೂನಳ ಮುಖ ನೋಡಿದೆ. ಅವಳು ಬಾಗಿಲ ಹಿಂದಿನ ಕಾರ್ಡು ನೋಡುತ್ತಿದ್ದಳು. ನಮಗೂ ಅವರಿಗೂ ವ್ಯತ್ಯಾಸ ಇದ್ದರೆ ಒಂದು ನಿಮಿಷ. ಗಂಜಿ ಅರ್ಧ ಆಗುವಷ್ಟು ವ್ಯತ್ಯಾಸ ಎಲ್ಲಿಂದ ಬರುತ್ತದೆ? ನಮ್ಮ ಮಸೀದಿಯ ಬಾಂಗ್ ಆಯಿತು. ಮೈಮೂನ ಒಂದು ಗುಟುಕು ನೀರು ಕುಡಿದು ಖರ್ಜೂರವನ್ನು ಹಾಗೇ ಇಟ್ಟಳು.

"ಉಮ್ಮ, ಅವರು ಸೂರ್ಯ ಮುಳುಗುವ ಮೊದಲೇ ನೋಂಬು ಬಿಡ್ತಿದ್ದಾರೆ" ಎಂದಳು.

"ಅವರಿಗೆ ಕಣ್ಣಿಲ್ಲವಾ?"

"ಅಲ್ಲಿ ಪಶ್ಚಿಮಕ್ಕೆ ಗುಡ್ಡ ಅಡ್ಡ ಉಂಟು. ಸೂರ್ಯ ಮುಳುಗುವುದು ಯಾರಿಗೂ ಕಾಣುವುದಿಲ್ಲ. ಕಾರ್ಡು ನೋಡಿ ಬಾಂಗ್, ಬಾಂಗ್ ಕೇಳಿ ಬಿಡುವುದು."

ಬೇರೆ ಕೆಲಸದಲ್ಲಿ ನಾಲ್ಕೈದು ನಿಮಿಷ ಎಂದರೆ ಏನೂ ಅಲ್ಲ. ಉಪವಾಸದಲ್ಲಿ ಇಡೀ ದಿವಸ ಹಸಿದು ಬಾಯಾರಿ ಕೂತದ್ದು ಆ ಕೊನೆಯ ನಿಮಿಷಗಳಲ್ಲಿ ನೀರುಪಾಲಾಗುತ್ತದೆ. ಮತ್ತೊಂದು ದಿವಸ ಹಿಡಿದು ತೀರಿಸಬೇಕು. ಇಡೀ ಊರಿನ ಉಪವಾಸ ಅದು. ಹಡೆದು ಎದ್ದವರು, ಮುದುಕರು, ಬಿಸಿಲಿನಲ್ಲಿ ಕಲ್ಲು ಹೊತ್ತವರು, ಎಲ್ಲರದ್ದೂ.

ಮರುದಿನ ಪ್ರೆಸ್ಸಿನಲ್ಲಿ ಪ್ರೋಗ್ರಾಮ್ ತೆರೆದು ನೋಡಿದರೆ ಬೆಳ್ತಂಗಡಿಯದ್ದರ ತಲೆಯಲ್ಲಿ ಮೈಸೂರಿನ ಅಳತೆ ಹಾಗೇ ಕೂತಿತ್ತು. ಅವಳು ಹಾಜಿಗೆ ಹೇಳಿದಳು. ಹಾಜಿ ಕೆಟ್ಟ ಮನುಷ್ಯ ಅಲ್ಲ. ಹೆದರುಪುಕ್ಕಲ. ಹೆದರುಪುಕ್ಕಲರು ಮಾಡುವಷ್ಟು ಕೆಡುಕನ್ನು ಕೆಟ್ಟವರು ಮಾಡುವುದನ್ನು ನಾನು ಕಂಡಿಲ್ಲ.

"ನೋಡು ಮಗಳೇ, ಹೊಸ ಕಾರ್ಡು ಹಾಕಿ ಕೊಡುವ. ಹಳೆಯದರಲ್ಲಿ ಬಣ್ಣ ಸರಿ ಬರಲಿಲ್ಲ ಅಂತ ಹೇಳುವ. ಬಾಯಿ ಮಾತ್ರ ಬಿಡಬೇಡ. ಗೊತ್ತಿಲ್ಲದೆ ಆದದ್ದನ್ನು ಅಲ್ಲಾಹು ಕ್ಷಮಿಸ್ತಾನೆ" ಎಂದರಂತೆ.

"ಅವರಿಗೆ ಗೊತ್ತಿಲ್ಲ ಹಾಜಿಯವರೇ. ನಮಗೆ ಗೊತ್ತುಂಟಲ್ಲ" ಎಂದು ಇವಳು ಹೇಳಿದಳಂತೆ.

ಮನೆಗೆ ಬಂದು, "ನಾಳೆ ಬೆಳ್ತಂಗಡಿಗೆ ಹೋಗ್ತೇನೆ" ಎಂದಳು. "ಒಬ್ಬಳೇ ಹೋದರೆ ನಿನ್ನನ್ನು ಹರಿದು ತಿನ್ನುತ್ತಾರೆ. ನಾನೂ ಬರ್ತೇನೆ" ಎಂದೆ. 

ಶಿರ್ತಾಡಿ, ವೇಣೂರು ದಾಟಿ ಬಸ್ಸು ಹೋಯಿತು. ಇಳಿದು ಕೆಂಪು ಮಣ್ಣಿನ ದಾರಿಯಲ್ಲಿ ನಡೆಯುವಾಗ ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. ಹೊಸ, ಸರಿಯಾದ ಕಾರ್ಡುಗಳ ಕಟ್ಟು ಮೈಮೂನಳ ಕೈಯಲ್ಲಿ. ಅದನ್ನು ಹಿಂದಿನ ದಿವಸ ಪ್ರೆಸ್ಸಿನಲ್ಲಿ ಮೆಷಿನು ನಡೆಸುವ ಸದಾನಂದ ಹಾಜಿಯನ್ನು ಕೇಳದೆಯೇ ಅಚ್ಚು ಹಾಕಿ ಕೊಟ್ಟಿದ್ದ. "ಅವರು ಹೇಗೂ ಹೊಸದು ಹಾಕುವ ಅಂತ ಹೇಳಿದ್ದಾರಲ್ಲ, ಯಾವಾಗ ಅಂತ ಹೇಳಲಿಲ್ಲ" ಎಂದನಂತೆ.

ಹೆಂಗಸರು ಮಸೀದಿಯ ಒಳಗೆ ಹೋಗುವ ಕ್ರಮ ನಮ್ಮಲ್ಲಿ ಇಲ್ಲ. ಗೇಟಿನ ಹೊರಗೆ ನಿಂತು, ಅಲ್ಲಿ ನಮಾಜು ಮಾಡಿಸುವ ಉಸ್ತಾದರನ್ನು ಕರೆಸಿದೆವು. ಬಂದರು, ನಡುವಯಸ್ಸಿನ ಸಣಕಲು ಮನುಷ್ಯ. ಅವರ ಹಿಂದೆ ಊರಿನ ನಾಲ್ಕು ಜನ ಗಂಡಸರು, ಹೊತ್ತು ಕಳೆಯುತ್ತಾ ಕೂತಿದ್ದವರು. ಮೈಮೂನ ಸುತ್ತುಬಳಸು ಇಲ್ಲದೆ ಹೇಳಿದಳು. ಕಾರ್ಡು ಮಾಡಿದ್ದು ನಾನು, ತಪ್ಪು ನನ್ನದು, ನೀವು ಇಷ್ಟು ದಿವಸ ಬೇಗ ಬಿಟ್ಟಿದ್ದೀರಿ, ಇಕೊಳ್ಳಿ ಸರಿಯಾದದ್ದು.

ಒಬ್ಬ ನಕ್ಕ. "ಸೂರ್ಯ ಆಯ್ತು. ಇನ್ನು ಪೆರ್ನಾಳ್ ಹಬ್ಬಕ್ಕೆ ಚಂದ್ರನನ್ನೂ ಈ ಹುಡುಗಿಯೇ ತೋರಿಸ್ತಾಳೆ."

"ನಿನಗೆ ಕಾಣದಿದ್ದರೆ ತೋರಿಸ್ತಾಳೆ. ಅವಳಿಗೆ ಕಣ್ಣು ಉಂಟು, ಬಂದು ಹೇಳುವ ನಾಲಿಗೆಯೂ ಉಂಟು. ನಿನ್ನಲ್ಲಿ ಎರಡರಲ್ಲಿ ಯಾವುದು ಉಂಟು?" ಎಂದು ನಾನು ಕೇಳಿದೆ.

ಉಸ್ತಾದರು ನನ್ನನ್ನು ಸುಮ್ಮನಿರುವಂತೆ ಕೈಯಲ್ಲೇ ತಡೆದರು. ಕಾರ್ಡು ನೋಡಿದರು, ತುಂಬಾ ಹೊತ್ತು.

"ಬಂಟ್ವಾಳದವರದ್ದು, ಮೂಡುಬಿದಿರೆಯವರದ್ದು ಸರಿ ಉಂಟು, ನಮ್ಮದೊಂದೇ ತಪ್ಪಿದ್ದು ಹೇಗೆ?"

"ಮೂರಕ್ಕೂ ಬೇರೆ ಬೇರೆ ಬರೆದಿದ್ದೆ ಉಸ್ತಾದ್. ಎರಡರಲ್ಲಿ ತಿದ್ದಿದೆ, ಒಂದರಲ್ಲಿ ತಿದ್ದಲಿಲ್ಲ. ಇನ್ನು ಹಾಗೆ ಮಾಡುವುದಿಲ್ಲ. ಎಲ್ಲದಕ್ಕೂ ಬೇಕಾದದ್ದನ್ನು ಒಂದೇ ಕಡೆ ಬರೆದಿಡ್ತೇನೆ. ಎಲ್ಲಾ ಪ್ರೋಗ್ರಾಮೂ ಅಲ್ಲಿಂದಲೇ ತೆಗೆದುಕೊಳ್ಳಬೇಕು."

"ಆ ಒಂದೇ ತಪ್ಪಿದರೆ?"

"ಎಲ್ಲಾ ಕಡೆಯೂ ಒಟ್ಟಿಗೆ ತಪ್ಪುತ್ತದೆ. ಆಗ ಮೊದಲನೇ ಸಂಜೆಯೇ ಎಲ್ಲಾ ಊರಿನವರೂ ಬೊಬ್ಬೆ ಹೊಡೀತಾರೆ. ಈಗ ನಿಮ್ಮದೊಂದೇ ತಪ್ಪಿದ್ದಕ್ಕೆ ಇಷ್ಟು ದಿವಸ ಯಾರಿಗೂ ಗೊತ್ತಾಗಲಿಲ್ಲ."

ಉಸ್ತಾದರು ಕಾರ್ಡುಗಳ ಕಟ್ಟನ್ನು ಕೈಗೆ ತೆಗೆದುಕೊಂಡರು. ಆ ಸಂಜೆ ಮೈಕಿನಲ್ಲಿ ಹೇಳಿಸುತ್ತೇನೆ, ಹಬ್ಬದ ನಂತರ ಎಲ್ಲರೂ ಆ ದಿನಗಳನ್ನು ಹಿಡಿದು ತೀರಿಸಬೇಕು ಎಂದರು. ಅಕ್ಕನ ಮನೆಗೆ ಹೋದರೆ ಅವಳು ಬಾಗಿಲಲ್ಲೇ ಶುರು ಮಾಡಿದಳು. "ಸಕ್ಕರೆ ಕಾಯಿಲೆ ಇಟ್ಟುಕೊಂಡು ಹಿಡಿದ ನೋಂಬು! ನಿನ್ನ ಮಗಳು ಒಂದು ಗುಂಡಿ ಒತ್ತಿ ತೆಗೆದಳಲ್ಲ!" ಮೈಮೂನ ತಲೆ ತಗ್ಗಿಸಲಿಲ್ಲ. "ಹೌದು ದೊಡ್ಡಮ್ಮ, ತೆಗೆದೆ" ಎಂದಳು. 

ಮರುದಿನದಿಂದ ಅವಳು ಆ ಒಂದು ಫೈಲಿನ ಹಿಂದೆ ಬಿದ್ದಳು. ಅದಕ್ಕೆ ಬಿಸ್ಮಿ ಎಂದು ಹೆಸರಿಟ್ಟಳು. ಅನ್ನಕ್ಕೆ ಕೈ ಹಾಕುವ ಮೊದಲು, ಕೋಳಿ ಕೊಯ್ಯುವ ಮೊದಲು, ಮನೆಯಿಂದ ಕಾಲು ಹೊರಗಿಡುವ ಮೊದಲು ನಾವು ಹೇಳುವುದು ಬಿಸ್ಮಿ. ಹಾಗೆ ಪ್ರತಿ ಪ್ರೋಗ್ರಾಮಿನ ತಲೆಯಲ್ಲೂ ಇನ್ನು ಒಂದೇ ಸಾಲು, 'ಯೂಸ್ ಬಿಸ್ಮಿ'. ಉಳಿದದ್ದೆಲ್ಲ, ಸಾಮಾನು, ಅಳತೆ, ಎಚ್ಚರಿಕೆ, ಆ ಒಂದರ ಒಳಗೆ.

ಒಂದೇ ಸಲಕ್ಕೆ ಆಗಲಿಲ್ಲ. ಸಂಜೆ ಬಂದವಳ ಮುಖ ಹುಳಿ ತಿಂದ ಹಾಗೆ.

"ಅಳತೆ ಎಲ್ಲಾ ಕಡೆಗೆ ಹೋಗ್ತದೆ ಉಮ್ಮ. ಆದರೆ ಕಟ್ಟುನಿಟ್ಟಾಗಿರು ಅಂತ ಬರೆದದ್ದು ಆ ಫೈಲಿನ ಒಳಗೇ ಉಳಿತದೆ. ಕರೆದವರಿಗೆ ಅಂಟುವುದಿಲ್ಲ."

"ಅದು ಹಾಗೆಯೇ. ನಿನ್ನ ಬಾಪ ಮನೆಯೊಳಗೆ ಎಷ್ಟು ಕಟ್ಟುನಿಟ್ಟು ಇದ್ದರು! ನೀನು ಗೇಟು ದಾಟಿದ ಮೇಲೆ ಅದು ನಿನಗೆ ಅಂಟಿತಾ?"

ನಾನು ತಮಾಷೆಗೆ ಹೇಳಿದ್ದು. ಅವಳು ನಗಲಿಲ್ಲ. ಅದಕ್ಕೂ ಅವಳ ಕೆಲಸಕ್ಕೂ ಸಂಬಂಧವೂ ಇರಲಿಲ್ಲ. ಪುಸ್ತಕ ತಿರುವಿ, ಮಾಸ್ಟ್ರನ್ನು ಕೇಳಿ, ಕೆಲವು ದಿವಸದ ಮೇಲೆ ದಾರಿ ಕಂಡುಕೊಂಡಳು. ಯಾರೇ ಬಿಸ್ಮಿಯನ್ನು ಕರೆದರೂ ಆ ಕಟ್ಟುನಿಟ್ಟನ್ನು ಕರೆದವರ ಕೈಗೆ ಅದು ತಾನೇ ದಾಟಿಸಬೇಕು, ಹಾಗೆ ಒಳಗೆ ಬರೆದಿಡಬೇಕು. ಬರೆದಳು. ಅವತ್ತು ಬಂದವಳು ಚಪ್ಪಲಿ ಕಳಚುವ ಮೊದಲೇ ಕೂಗಿದಳು, "ಅಂಟಿತು ಉಮ್ಮ!" ನಾನು ಹಲಸಿನ ಮೇಣವೇನೋ ಎಂದು ಒಳಗಿನಿಂದ ತೆಂಗಿನೆಣ್ಣೆ ಹಿಡಿದು ಬಂದೆ.

ಅಷ್ಟರಲ್ಲಿ ಬೆಳ್ತಂಗಡಿಯ ಸುದ್ದಿ ಪೇಟೆಗೆ ಮುಟ್ಟಿತ್ತು. ಹಾಜಿ, "ಉಮ್ಮನನ್ನು ಕರೆದುಕೊಂಡು ಬಾ" ಎಂದು ಹೇಳಿ ಕಳಿಸಿದರು. ಹೋದೆ. ಪ್ರೆಸ್ಸಿನ ಒಳಗೆ ಮೆಷಿನು ಕಟಕಟ ಎನ್ನುತ್ತಿತ್ತು. ಸದಾನಂದ ನಮ್ಮನ್ನು ಕಂಡು ಅದನ್ನು ನಿಲ್ಲಿಸಿದ, ಕೇಳಲು ಅನುಕೂಲ ಆಗಲಿ ಎಂದು.

"ಆಯಿಸಮ್ಮ, ನಿಮ್ಮ ಮಗಳು ನನ್ನ ಮರ್ಯಾದೆ ತೆಗೆದಳು" ಎಂದರು ಹಾಜಿ.

"ನಿಮ್ಮ ಹೆಸರನ್ನು ಅವಳು ಅಲ್ಲಿ ಎತ್ತಲೇ ಇಲ್ಲ. ತಪ್ಪು ನನ್ನದು ಅಂತ ಹೇಳಿ ಬಂದಳು. ನಿಮ್ಮ ಮರ್ಯಾದೆ ಅಲ್ಲಿಗೆ ಹೇಗೆ ಹೋಯಿತು? ಬಸ್ಸಿನಲ್ಲಿ ನಮ್ಮೊಟ್ಟಿಗೆ ಬಂದಿತ್ತಾ?"

ಸದಾನಂದ ಆಚೆ ತಿರುಗಿದ. ಹಾಜಿ ಮೈಮೂನಳ ಕಂಪ್ಯೂಟರ್ ಕಡೆ ಬೆರಳು ತೋರಿಸಿದರು.

"ಇದೆಂತ ಈ ಬಿಸ್ಮಿ? ಅಲ್ಲಾಹನ ಹೆಸರು ಹೇಳಿ ಶುರು ಮಾಡುವ ಮಾತನ್ನು ಈ ಡಬ್ಬಿಯೊಳಗೆ ಹಾಕುವುದಾ? ನಾಳೆ ಇದನ್ನು ಅಳಿಸಬೇಕಾದರೆ ಯಾರು ಅಳಿಸುವುದು?"

"ನೀವು ಅಂಗಡಿಯ ಬೋರ್ಡಿನ ಮೇಲೆ ಬರೆಸಿದ್ದೀರಲ್ಲ, ಮಳೆಗೆ ಅರ್ಧ ಅಳಿಸಿದೆ. ಅದಕ್ಕೆ ಯಾರು ಜವಾಬ್ದಾರಿ?" ಎಂದೆ.

"ಹೆಸರು ಬಿಡುವ. ಎಲ್ಲವನ್ನೂ ಒಂದಕ್ಕೆ ಕಟ್ಟಿ ಹಾಕಿದ್ದಾಳೆ. ಅದೊಂದು ಕೆಟ್ಟರೆ ನನ್ನ ಅಂಕಪಟ್ಟಿ, ಲಕೋಟೆ, ಕಾರ್ಡು ಎಲ್ಲಾ ಕೆಡ್ತದೆ. ಮೊದಲಿನ ಹಾಗೆ ಬೇರೆ ಬೇರೆ ಮಾಡಿಡು ಮೈಮೂನ. ಒಂದು ತಪ್ಪಿದರೆ ಒಂದು ಮೂಲೆಯಲ್ಲಿ ಮುಗಿದು ಹೋಗ್ತದೆ. ಇಲ್ಲದಿದ್ದರೆ ನಾಳೆಯಿಂದ ಬರಬೇಡ."

ಒಂದು ಮೂಲೆಯಲ್ಲಿ ಮುಗಿದು ಹೋಗ್ತದೆ. ಆ ಮೂಲೆಯಲ್ಲಿ ನನ್ನ ಅಕ್ಕ ಇದ್ದಳು. ನಾನು ಬಾಯಿ ತೆರೆಯುವ ಮೊದಲೇ ಮೈಮೂನ ಮಾತಾಡಿದಳು. ಅವಳ ಸ್ವರ ಏರಲಿಲ್ಲ.

"ಹಾಜಿಯವರೇ, ಬೇರೆ ಬೇರೆ ಮಾಡಿದರೆ ನಾನು ಮತ್ತೆ ಒಂದನ್ನು ಮರೀತೇನೆ. ನಾನಲ್ಲದಿದ್ದರೆ ನನ್ನ ನಂತರ ಬರುವವಳು ಮರೀತಾಳೆ. ಮರೆಯುತ್ತೇನೆ ಅಂತ ಗೊತ್ತಿದ್ದೂ ಹಾಗೆ ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ."

ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟಳು. ಹೊರಗೆ ಬಂದ ಮೇಲೆ ನಾನು ಕೇಳಿದೆ, "ಆ ಫೈಲನ್ನು ತೆಗೆದುಕೊಂಡೆಯಾ?"

"ಎಂತಕ್ಕೆ? ಅದು ಪ್ರೆಸ್ಸಿನದ್ದು. ಬೇಕಾದರೆ ಇಟ್ಟುಕೊಳ್ಳಲಿ, ಬೇಡದಿದ್ದರೆ ಅಳಿಸಲಿ. ನನಗೆ ಇನ್ನೊಮ್ಮೆ ಬರೆಯಲಿಕ್ಕೆ ಬರ್ತದೆ."

ಇದಕ್ಕೆ ಓಡಿಬಂದದ್ದು ಎನ್ನುತ್ತಾರಾದರೆ, ಅವರ ಮನೆಯ ಹೆಣ್ಣುಮಕ್ಕಳೂ ಹೀಗೆ ಓಡಿಬರಲಿ.

ಕಂಪ್ಯೂಟರ್ ಕ್ಲಾಸಿನವರು ಹೊಸ ಮೆಷಿನು ತಂದಾಗ ಹಳೆಯದೊಂದು ನಮಗೆ ಸಿಕ್ಕಿತು. ನಾನು ಬೀಡಿ ಕಟ್ಟುತ್ತಿದ್ದ ಮೂಲೆಯಲ್ಲೇ ಅದನ್ನು ಇಟ್ಟಳು. ಹೊಗೆಸೊಪ್ಪಿನ ಧೂಳು ಅದಕ್ಕೆ ಆಗುವುದಿಲ್ಲ ಎಂದು ನನ್ನನ್ನು ಮೊರ, ಕತ್ತರಿ, ಎಲೆಯ ಸಮೇತ ಜಗಲಿಗೆ ದಬ್ಬಿದಳು. ಪೆರ್ನಾಳು ಬಂತು, ಹೋಯಿತು. ಒಂದೇ ಒಂದು ಕೆಲಸ ಬರಲಿಲ್ಲ. ಪೇಟೆಯಲ್ಲಿ ಹೆಂಗಸರು ನನ್ನನ್ನು ಕಂಡು, "ಮಗಳು ಮನೆಯಲ್ಲೇ ಇದ್ದಾಳಂತೆ?" ಎಂದು ಕೇಳುವರು. "ಮತ್ತೆಂತ, ನಿಮ್ಮ ಮನೆಯಲ್ಲಿ ಇರುವುದಾ?" ಎನ್ನುವೆನು.

ಹಬ್ಬದ ನಂತರ ಬೆಳ್ತಂಗಡಿ ಕಡೆಯ ಆ ಊರಿನವರು ಹೋದ ಉಪವಾಸಗಳನ್ನು ತೀರಿಸಲು ಶುರು ಮಾಡಿದರು. ಮೈಮೂನ ತಾನೂ ಅವರೊಟ್ಟಿಗೆ ಹಿಡಿಯುತ್ತೇನೆ ಎಂದಳು.

"ನಮ್ಮದು ಸರಿ ಇತ್ತಲ್ಲ ಮಾರಾಯ್ತಿ. ಬಂಟ್ವಾಳದವರು ತಿಂದುಂಡು ಆರಾಮ ಇದ್ದಾರೆ."

"ನೀವು ಹಿಡಿಯುವುದು ಬೇಡ ಉಮ್ಮ."

ಅವಳು ಹಸಿದು ಕೂತಿರುವಾಗ ಎದುರಿಗೆ ಕೂತು ಮೀನು ಸಾರು ಉಣ್ಣಲಿಕ್ಕೆ ನನಗೇನು ಹುಚ್ಚಾ? ನಾನೂ ಹಿಡಿದೆ. ಗೊಣಗಿಕೊಂಡೇ ಹಿಡಿದೆ. ಕೊನೆಯ ದಿವಸ ಅಕ್ಕನ ಮನೆಗೆ ಹೋದೆವು.

ಮಸೀದಿಯ ಗೇಟಿನ ಬಳಿ ಉಸ್ತಾದರು ಎದುರಾದರು. ಲುಂಗಿಯ ಅಂಚಿಗೆ ಮುಳ್ಳುಕಾಯಿ ಅಂಟಿತ್ತು. ಆ ಹೊಸ ಕಾರ್ಡು ಕೊಟ್ಟ ದಿವಸದಿಂದ ಅವರು ಆಗಾಗ ಗುಡ್ಡ ಹತ್ತಿ, ಕಾರ್ಡು ಗಡಿಯಾರ ಹಿಡಿದು, ಸೂರ್ಯ ಮುಳುಗುವುದನ್ನು ಕಣ್ಣಾರೆ ನೋಡುತ್ತಿದ್ದರಂತೆ.

"ಸರಿ ಉಂಟು" ಎಂದರು. "ಬರುವ ವರ್ಷದ್ದು ನೀನೇ ಮಾಡಿ ಕೊಡು. ಆದರೆ ನಾನು ನಂಬುವುದಿಲ್ಲ. ಗುಡ್ಡ ಹತ್ತಿ ನೋಡ್ತೇನೆ."

"ನೋಡಿ ಉಸ್ತಾದ್. ನೋಡಲೇಬೇಕು. ಒಂದೇ ಕಡೆ ಬರೆದದ್ದನ್ನು ನೋಡುವವರು ಬೇಕು" ಎಂದಳು ಮೈಮೂನ.

ಅವಳಲ್ಲಿ ಕಾರ್ಡು ಮಾಡಿಸಲು ಬಂಟ್ವಾಳದವರು ಬರಲಿಲ್ಲ, ಮೂಡುಬಿದಿರೆಯವರು ಬರಲಿಲ್ಲ. ಅವರು ಬಂದದ್ದು ಎಷ್ಟೋ ನಂತರ. ಮೊದಲು ಬಂದದ್ದು ತಪ್ಪು ಕಾರ್ಡು ಸಿಕ್ಕಿದ ಊರು.

ಸಂಜೆ ಅಕ್ಕನ ಜಗಲಿಯಲ್ಲಿ ಚಾಪೆ ಹಾಸಿ ಕೂತೆವು. ಗುಡ್ಡದ ಹಿಂದೆ ಬೆಳಕು ಕೆಂಪಾಗಿ, ಮತ್ತೆ ಬೂದಿ ಬಣ್ಣಕ್ಕೆ ಬಂತು. ಶರಬತ್ತಿನ ಗ್ಲಾಸಿನ ಹೊರಗೆ ನೀರು ಇಳಿಯುತ್ತಿತ್ತು. ಮೈಕಿನಲ್ಲಿ ಬಾಂಗ್ ಶುರುವಾಯಿತು. ಅಕ್ಕ ಗ್ಲಾಸು ಎತ್ತಿದಳು. ತುಟಿಯವರೆಗೆ ತಂದು ನಿಲ್ಲಿಸಿ ಮೈಮೂನಳ ಕಡೆ ನೋಡಿದಳು.

"ಕುಡಿಯಲಾ?"

"ಬಾಂಗ್ ಕೇಳಲಿಲ್ಲವಾ ದೊಡ್ಡಮ್ಮ? ನನ್ನನ್ನು ಎಂತಕ್ಕೆ ಕೇಳ್ತೀರಿ?"

"ಮತ್ತೆ ಯಾರನ್ನು ಕೇಳುವುದು? ತಪ್ಪು ಮಾಡಿ, ಬಸ್ಸು ಹಿಡಿದು ಬಂದು ಹೇಳಿದವಳು ನೀನೊಬ್ಬಳೇ" ಎಂದಳು ಅಕ್ಕ.

ಮೈಮೂನ ತಲೆ ಆಡಿಸಿದಳು. ಅಕ್ಕ ಕುಡಿದಳು.